ಎಲ್‌ಎನ್‌ಜಿ: ಹಡಗನ್ನು ನಂಬಬಹುದು, ಆದರೆ...

ಮಾನ್ಯ ಸಂಪಾದಕರೇ,

ಎಲ್‌ಎನ್‌ಜಿ, ಅಂದರೆ ದ್ರವರೂಪದ ನೈಸರ್ಗಿಕ ಅನಿಲ, ನೆಚ್ಚಿಕೊಳ್ಳಬಹುದಾದ ಇಂಧನ ಅನ್ನುವ ಲೇಖನ ಓದಿದೆ. ಎಲ್‌ಎನ್‌ಜಿ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತನಾದವನು ನಾನು. ಹಡಗನ್ನು ನಂಬಬಹುದು ಅಂತ ಲೇಖಕರು ಬರೆದಿದ್ದಕ್ಕೆ ನನ್ನ ತಕರಾರಿಲ್ಲ. ಇಷ್ಟು ಜೋಪಾನ ಬೇರೆ ಯಾವ ಸರಕಿಗೂ ಮಾಡಿದ್ದನ್ನು ನಾನು ಕಂಡಿಲ್ಲ. ಮೈನಸ್ 162 ಡಿಗ್ರಿಗೆ ತಣಿಸಿದರೆ ಗ್ಯಾಸ್ ಸುಮಾರು 600ರಲ್ಲಿ ಒಂದು ಪಾಲು ಜಾಗದಲ್ಲಿ ಕೂರುತ್ತದೆ. ಅದನ್ನು ಬೆಚ್ಚಗಿರುವ ಟ್ಯಾಂಕಿಗೆ ಸುಮ್ನೆ ಸುರಿಯುವ ಹಾಗಿಲ್ಲ. ಮೊದಲು ಅದರದೇ ತುಂತುರು ಹಾಯಿಸಿ ಗಂಟೆಗಟ್ಟಲೆ ಟ್ಯಾಂಕ್ ತಣಿಸಬೇಕು. ಆಮೇಲೆ ತುಂಬುವಾಗ ಪೈಪಿನ ಮೇಲೆಲ್ಲ ಬಿಳಿ ಹಿಮ ಕಟ್ಟುತ್ತದೆ. ಖಾಲಿ ಮಾಡುವಾಗಲೂ ತಳದಲ್ಲಿ ಸ್ವಲ್ಪ ಉಳಿಸಿಕೊಳ್ಳುತ್ತೇವೆ, ವಾಪಸ್ ಹೋಗುವಾಗ ಟ್ಯಾಂಕ್ ಬಿಸಿಯಾಗಬಾರದಲ್ಲ! ದಾರಿಯಲ್ಲಿ ಆವಿಯಾಗಿದ್ದು ಎಂಜಿನ್‌ಗೇ ಉರುವಲು.

ತೊಂದರೆ ಇರುವುದು ಹಡಗಿನ ಆಚೀಚೆ. 2022ರ ಜೂನ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಗ್ಯಾಸನ್ನು ದ್ರವ ಮಾಡಿ ಹಡಗಿಗೆ ತುಂಬುವ ಫ್ರೀಪೋರ್ಟ್ ಸ್ಥಾವರಕ್ಕೆ ಬೆಂಕಿ ಬಿತ್ತು. ಮತ್ತೆ ಹಡಗು ತುಂಬುವಷ್ಟರಲ್ಲಿ ಮುಂದಿನ ಫೆಬ್ರವರಿ ಬಂದಿತ್ತು. ನಾರ್ವೆಯ ಹ್ಯಾಮರ್‌ಫೆಸ್ಟ್‌ನ ಅಂಥದ್ದೇ ಸ್ಥಾವರಕ್ಕೆ 2020ರಲ್ಲಿ ಬೆಂಕಿ ಬಿದ್ದಾಗ ಮತ್ತೆ ಶುರುವಾಗಲು ಒಂದೂವರೆ ವರ್ಷಕ್ಕೂ ಜಾಸ್ತಿ ಹಿಡಿಯಿತು. ಕತಾರ್‌ನ ಹಡಗುಗಳಿಗಂತೂ ಕೊಲ್ಲಿಯಿಂದ ಹೊರಬೀಳಲು ಹಾರ್ಮುಜ್ ಜಲಸಂಧಿ ಒಂದೇ ಬಾಗಿಲು.

ಇದಕ್ಕಿಂತ ದೊಡ್ಡದು ದುಡ್ಡಿನ ಆಟ. 2022ರಲ್ಲಿ ರಷ್ಯಾದ ಪೈಪ್‌ಲೈನ್ ಗ್ಯಾಸ್ ಕಡಿಮೆಯಾದಾಗ ಯುರೋಪ್ ಕೇಳಿದಷ್ಟು ಕೊಟ್ಟು ಎಲ್‌ಎನ್‌ಜಿ ಬಾಚಿಕೊಂಡಿತು. ಬಾಂಗ್ಲಾದೇಶ ಆ ರೇಟಿಗೆ ಕೈಮುಗಿದು ಸ್ಪಾಟ್ ಖರೀದಿಯನ್ನೇ, ಅಂದರೆ ಒಪ್ಪಂದವಿಲ್ಲದೆ ಆ ಹೊತ್ತಿನ ರೇಟಿಗೆ ಕೊಳ್ಳುವುದನ್ನೇ, ನಿಲ್ಲಿಸಿತು. ಪಾಕಿಸ್ತಾನ ಜುಲೈನಲ್ಲಿ ಕರೆದ ಟೆಂಡರ್‌ಗೆ ಒಬ್ಬರೂ ಬರಲಿಲ್ಲ. ಎರಡೂ ದೇಶಗಳಲ್ಲಿ ಕರೆಂಟ್ ಕಡಿತ. ಹಡಗುಗಳೇನೂ ಮುಳುಗಿರಲಿಲ್ಲ ಅಲ್ವಾ? ಜಾಸ್ತಿ ಕೊಟ್ಟವರ ಬಂದರಿನ ಕಡೆ ಮುಖ ಮಾಡಿದ್ದವು, ಅಷ್ಟೇ.

ಕೂಡಿಟ್ಟುಕೊಳ್ಳೋಣ ಅಂದರೆ ಅದೂ ಕಷ್ಟ. ಕಲ್ಲಿದ್ದಲನ್ನು ಬಯಲಲ್ಲಿ ತಿಂಗಳುಗಟ್ಟಲೆ ರಾಶಿ ಹಾಕಬಹುದು. ಎಲ್‌ಎನ್‌ಜಿ ಎಂಥ ಟ್ಯಾಂಕಿನಲ್ಲಿಟ್ಟರೂ ದಿನಾ ಸ್ವಲ್ಪ ಸ್ವಲ್ಪ ಕುದಿಯುತ್ತಲೇ ಇರುತ್ತದೆ. ಎಲ್‌ಎನ್‌ಜಿಯಲ್ಲಿ ಪಳಗಿದ ಜಪಾನ್ ಕೂಡ ಕೆಲವೇ ವಾರಗಳ ದಾಸ್ತಾನಿನಲ್ಲಿ ಬದುಕುತ್ತದೆ. 2021ರ ಜನವರಿ ಚಳಿಗೆ ಆ ದಾಸ್ತಾನು ಇಳಿದು ಅಲ್ಲಿನ ವಿದ್ಯುತ್ ಮಾರುಕಟ್ಟೆಯ ದರ ಯದ್ವಾತದ್ವಾ ಏರಿತ್ತು.

ಹಾಗಾಗಿ ಯಾವುದೇ ಸರ್ಕಾರ ಎಲ್‌ಎನ್‌ಜಿ ಭರವಸೆ ಕೊಟ್ಟಾಗ ಮೊದಲು ಕೇಳಬೇಕಾದ್ದು ಇಷ್ಟು: ಇದರಲ್ಲಿ ಎಷ್ಟು ದೀರ್ಘಾವಧಿ ಒಪ್ಪಂದದ್ದು, ಎಷ್ಟು ಸ್ಪಾಟ್? ಟ್ಯಾಂಕಿನಲ್ಲಿ ಎಷ್ಟು ದಿನದ ಸರಕಿದೆ? ಲೇಖನದಲ್ಲಿ ಟರ್ಮಿನಲ್‌ಗಳ ಸಾಮರ್ಥ್ಯದ ಅಂಕಿ ಬೇಕಾದಷ್ಟಿತ್ತು, ಈ ಎರಡು ಮಾತ್ರ ಕಾಣಲಿಲ್ಲ.

– ನಿವೃತ್ತ ಮರೈನ್ ಎಂಜಿನಿಯರ್