ಎಂಟು ವಾರದ ನಿಯಮ ಮತ್ತು ಬಸ್ಸಿನಲ್ಲಿ ಬರುವ ನಾಯಿಮರಿಗಳು: ಪಶುಸಂಗೋಪನೆ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನೆ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಸರ್, ನಮಸ್ಕಾರ.

ಹಸು, ಎಮ್ಮೆ, ಕುರಿ, ಕಾಲುಬಾಯಿ ಜ್ವರ, ಹಾಲಿನ ಪ್ರೋತ್ಸಾಹಧನ ಅಂತ ನಿಮ್ಮ ಇಲಾಖೆಗೆ ಕೈತುಂಬ ಕೆಲಸ ಇದೆ. ಅದರ ನಡುವೆ ಅಂಗೈಯಲ್ಲಿ ಕೂರುವ ನಾಯಿಮರಿಯ ವಿಷಯ ತಂದರೆ ‘ಇದೊಂದು ಬಾಕಿ ಇತ್ತು’ ಅನ್ನಿಸಬಹುದು. ಆದರೂ ಬರೆಯುತ್ತಿದ್ದೇನೆ. ಯಾಕಂದರೆ ನಾನು ಕೇಳುತ್ತಿರುವುದಕ್ಕೆ ದೊಡ್ಡ ಖರ್ಚಿಲ್ಲ, ಹೊಸ ಕಾನೂನೂ ಬೇಕಿಲ್ಲ. ರಾಜ್ಯದಲ್ಲಿ ನೋಂದಣಿ ಆಗಿರುವ ನಾಯಿ ಬ್ರೀಡರ್‌ಗಳ, ಅಂದರೆ ತಳಿ ನಾಯಿಗಳಿಗೆ ಮರಿ ಹಾಕಿಸಿ ಮಾರುವವರ, ಪಟ್ಟಿ ಬೇಕು. ಕನ್ನಡದಲ್ಲಿ, ತಾಲ್ಲೂಕುವಾರು, ಫೋನಿನಲ್ಲಿ ಯಾರು ಬೇಕಾದರೂ ತೆರೆದು ನೋಡುವ ಹಾಗೆ.

2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವುದು ಮತ್ತು ಮಾರುವುದರ ಬಗ್ಗೆ ನಿಯಮ ತಂದಿತು. ಅದರ ಪ್ರಕಾರ ಪ್ರತಿ ಬ್ರೀಡರ್ 5,000 ರೂಪಾಯಿ ಶುಲ್ಕ ಕಟ್ಟಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸೂಲು ತೆಗೆಯುವಂತಿಲ್ಲ. ಲಸಿಕೆಯ ದಾಖಲೆ ಇರಬೇಕು, ಚರ್ಮದಡಿ ಗುರುತಿನ ಮೈಕ್ರೋಚಿಪ್ ಇರಬೇಕು. ಓದಿದರೆ ಖುಷಿಯಾಗುತ್ತದೆ. ಇನ್‌ಸ್ಟಾಗ್ರಾಂ ತೆರೆದರೆ ಆ ಖುಷಿ ಉಳಿಯುವುದಿಲ್ಲ. ‘ಟಾಯ್ ಪಾಮ್, 35 ಡೇಸ್, ಹೋಮ್ ಬ್ರೀಡ್, ಆಲ್ ಕರ್ನಾಟಕ ಡೆಲಿವರಿ’ ಅಂತ ರಾಜಾರೋಷವಾಗಿ ಹಾಕಿರುತ್ತಾರೆ. 35 ದಿನ ಅಂದರೆ ಐದು ವಾರ. ನಿಯಮ ಮುರಿದಿರುವುದನ್ನು ಜಾಹೀರಾತಿನಲ್ಲೇ ಬರೆದುಕೊಂಡಿದ್ದಾರೆ ಅಲ್ವಾ!

ನನ್ನ ತಂಗಿಯ ಮನೆಗೆ ಮರಿ ಬಂದದ್ದೂ ಹೀಗೇ. ಫೋಟೊ ನೋಡಿ, ಫೋನಿನಲ್ಲಿ ಮಾತಾಡಿ, ದುಡ್ಡು ಕಳಿಸಿದರು. ಬೆಂಗಳೂರಿಂದ ದಾವಣಗೆರೆಗೆ ರಾತ್ರಿ ಬಸ್ಸಿನಲ್ಲಿ, ಡ್ರೈವರ್ ಸೀಟಿನ ಹಿಂದೆ, ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ಮರಿ ಬಂತು. ಒಂದು ಕಿಲೋ ಕೂಡ ತೂಗದ ಪೊಮೇರಿಯನ್. ಡಬ್ಬಿ ತೆರೆದಾಗ ತೂರಾಡುತ್ತಿತ್ತು, ಕಣ್ಣು ತೇಲಿಸುತ್ತಿತ್ತು. ಪಕ್ಕದ ಬೀದಿಯ ಡಾಕ್ಟರು ಮೊದಲು ಮಾಡಿದ ಕೆಲಸ ಒಸಡಿಗೆ ಜೇನುತುಪ್ಪ ಸವರಿದ್ದು. ಆಮೇಲೆ ಬಾಯಿ ಬಿಡಿಸಿ ನೋಡಿ, ‘ಹಿಂದಿನ ಹಾಲುಹಲ್ಲು ಇನ್ನೂ ಪೂರ್ತಿ ಬಂದಿಲ್ಲ, ಇದು ಎರಡು ತಿಂಗಳ ಮರಿ ಅಲ್ಲವೇ ಅಲ್ಲ’ ಅಂದರು. ಲಸಿಕೆ ಕಾರ್ಡಿನಲ್ಲಿ ತಾರೀಖು ಇತ್ತು. ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಬೇಕಾದ ಸ್ಟಿಕ್ಕರ್ ಇರಲಿಲ್ಲ, ಡಾಕ್ಟರ ಸಹಿಯೂ ಇರಲಿಲ್ಲ. ವಾರ ತುಂಬುವುದರೊಳಗೆ ವಾಂತಿ, ರಕ್ತಭೇದಿ ಶುರುವಾಯಿತು. ಪರೀಕ್ಷೆ ಮಾಡಿದರೆ ಪಾರ್ವೊ, ಅಂದರೆ ನಾಯಿಮರಿಗಳ ಕರುಳನ್ನು ಕೆಡಿಸುವ ವೈರಸ್ ಕಾಯಿಲೆ. ಮಾರಿದವನಿಗೆ ಫೋನ್ ಮಾಡಿದಾಗ ಸಿಕ್ಕ ಉತ್ತರ: ‘ನನ್ನ ಹತ್ರ ಚೆನ್ನಾಗೇ ಇತ್ತು ಮೇಡಂ, ನಿಮ್ಮನೆ ನೀರು ಒಗ್ಗಿಲ್ಲ.’

ಆ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದೇ ಕಷ್ಟ. ಪಾರ್ವೊ ವೈರಸ್ ಒಳಗೆ ಹೋದ ಮೇಲೆ ಲಕ್ಷಣ ಕಾಣುವುದಕ್ಕೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಸೋಂಕು ಹತ್ತಿದ ಮರಿ ಮಾರುವ ದಿನ ಕುಣಿಯುತ್ತಲೇ ಇರುತ್ತದೆ. ಕಾಯಿಲೆ ಬೀಳುವುದು ಕೊಂಡವರ ಮನೆಯಲ್ಲಿ. ಹಾಗಾಗಿ ‘ಮೂರು ದಿನ ಗ್ಯಾರಂಟಿ’ ಕೊಡುವವರು ಬಹಳ ಉದಾರಿಗಳೇನಲ್ಲ. ಆ ಮೂರು ದಿನದಲ್ಲಿ ಹೆಚ್ಚಾಗಿ ಏನೂ ಆಗುವುದಿಲ್ಲ ಅಂತ ಅನುಭವದಿಂದ ಗೊತ್ತಿರುತ್ತದೆ.

ಎಂಟು ವಾರ ಅನ್ನುವ ಲೆಕ್ಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅದು ಯಾವುದೋ ಅಧಿಕಾರಿ ಸುಮ್ನೆ ಬರೆದ ಅಂಕಿ ಅಂತ ತುಂಬ ಜನ ತಿಳಿದಿದ್ದಾರೆ. ತಾಯಿಯ ಮೊದಲ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಸಿಗುತ್ತದೆ. ಆರನೇ ವಾರದಿಂದ ಹದಿನಾರನೇ ವಾರದ ನಡುವೆ ಅದು ಮರಿಯಿಂದ ಮರಿಗೆ ಬೇರೆ ಬೇರೆ ಹೊತ್ತಿಗೆ ಇಳಿಯುತ್ತಾ ಹೋಗುತ್ತದೆ. ತಮಾಷೆ ಏನೆಂದರೆ, ಆ ಶಕ್ತಿ ಮೈಯಲ್ಲಿ ಇರುವಷ್ಟು ದಿನ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಮೊದಲ ಸೂಜಿ ಹಾಕಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಮತ್ತೆ ಹಾಕುತ್ತಾರೆ. ಈ ನಡುವಿನ ದಿನಗಳೇ ಮರಿಗೆ ಅತಿ ಅಪಾಯದ ದಿನಗಳು. ಐದನೇ ವಾರಕ್ಕೇ ಮಾರಿಬಿಟ್ಟರೆ ಲಸಿಕೆಯ ಖರ್ಚು, ಮೇವಿನ ಖರ್ಚು, ಮರಿ ಸತ್ತರೆ ಆಗುವ ನಷ್ಟ ಎಲ್ಲವೂ ಕೊಂಡವರ ತಲೆಗೆ ಬರುತ್ತದೆ. ಬೇಗ ಮಾರುವುದರ ಹಿಂದೆ ಇರುವುದು ಈ ಲೆಕ್ಕ. ಜೊತೆಗೆ ಐದು ವಾರದ ಮರಿ ಪುಟ್ಟದಾಗಿ ಕಾಣುತ್ತದೆ, ‘ಟೀಕಪ್’ ಅಂತ ಹೇಳಿ ಇನ್ನೊಂದಿಷ್ಟು ಜಾಸ್ತಿ ಕೀಳಬಹುದು.

ಅಂದಹಾಗೆ ಟೀಕಪ್ ಅನ್ನುವ ತಳಿಯೇ ಇಲ್ಲ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಪಟ್ಟಿಯಲ್ಲೂ ಇಲ್ಲ. ಸೂಲಿನಲ್ಲಿ ಎಲ್ಲಕ್ಕಿಂತ ಬಡಕಲಾಗಿ ಹುಟ್ಟಿದ ಮರಿಗಳನ್ನು ಒಂದಕ್ಕೊಂದು ಕೂಡಿಸಿ, ಅಥವಾ ಕಡಿಮೆ ವಯಸ್ಸಿನ ಮರಿಯನ್ನೇ ತೋರಿಸಿ ಮಾಡುವ ವ್ಯಾಪಾರ ಅದು.

ಸಣ್ಣ ತಳಿ ಮರಿಗಳಿಗೆ ಇನ್ನೊಂದು ಗಂಡಾಂತರ ಇದೆ. ಅವುಗಳ ಲಿವರಿನಲ್ಲಿ ಸಕ್ಕರೆ ಕೂಡಿಡುವ ಜಾಗ ಬಹಳ ಕಡಿಮೆ. ಕೆಲವು ಗಂಟೆ ಹೊಟ್ಟೆಗೆ ಬೀಳದಿದ್ದರೆ, ಚಳಿ ಅಥವಾ ಹೆದರಿಕೆ ಆದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ತೂರಾಡುತ್ತವೆ, ಫಿಟ್ಸ್ ಬರಬಹುದು, ಬೆಳಗಾಗುವಷ್ಟರಲ್ಲಿ ಸಾಯಲೂಬಹುದು. ಡಾಕ್ಟರು ಮೊದಲು ಒಸಡಿಗೆ ಜೇನುತುಪ್ಪ ಸವರಿದ್ದು ಇದಕ್ಕೇ. ದಿನಕ್ಕೆ ನಾಲ್ಕೈದು ಸಲ ತಿನ್ನಿಸಬೇಕಾದ ಜೀವವನ್ನು ರಾತ್ರಿಯಿಡೀ ಬಸ್ಸಿನಲ್ಲಿ ಉಪವಾಸ ಕಳಿಸುತ್ತಾರೆ. ಇದನ್ನು ತಡೆಯಲು ಯಾವ ತಜ್ಞರ ಸಮಿತಿಯೂ ಬೇಕಿಲ್ಲ.

ತಂಗಿಯ ಮನೆಯ ಮರಿ ಬದುಕಿತು. ಪಾರ್ವೊ ವೈರಸನ್ನೇ ಕೊಲ್ಲುವ ಮಾತ್ರೆ ಇಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ತಗಲದಂತೆ ನೋಡಿಕೊಂಡು, ಕರುಳು ತಾನೇ ಚೇತರಿಸಿಕೊಳ್ಳುವ ತನಕ ಕಾಯಬೇಕು. ಆಸ್ಪತ್ರೆ ಬಿಲ್ಲು ಮರಿಯ ಬೆಲೆಯನ್ನು ದಾಟಿತು. ಈಗ ಅದಕ್ಕೆ ಓಡುವಾಗ ಹಿಂಗಾಲಿನ ಮಂಡಿಚಿಪ್ಪು ಜಾರುತ್ತದೆ. ಒಂದು ಕಾಲೆತ್ತಿ ಕುಂಟುತ್ತದೆ, ಒದರಿಕೊಂಡು ಮತ್ತೆ ಓಡುತ್ತದೆ. ನೋಡಿದವರು ‘ಅಯ್ಯೋ ಎಷ್ಟು ಚಂದ ಕುಣಿಯುತ್ತೆ’ ಅಂತಾರೆ. ಪೊಮೇರಿಯನ್, ಚಿವಾವಾ, ಯಾರ್ಕಿ, ಟಾಯ್ ಪೂಡಲ್‌ಗಳಲ್ಲಿ ಇದು ತೀರಾ ಸಾಮಾನ್ಯ, ಬಹಳ ಸಲ ವಂಶದಿಂದ ಬರುವಂಥದ್ದು. ಅಪ್ಪ ಅಮ್ಮ ನಾಯಿಗಳ ಮಂಡಿಯನ್ನು ಡಾಕ್ಟರು ಕೈಯಿಂದ ಮುಟ್ಟಿ ನೋಡಿದರೇ ತಿಳಿಯುತ್ತದೆ. ಹಾಗಿರುವ ನಾಯಿಗಳಿಗೆ ಮರಿ ಹಾಕಿಸದಿದ್ದರೆ ಮುಂದಿನ ಮರಿಗಳಲ್ಲಿ ಕಾಯಿಲೆ ಕಡಿಮೆಯಾಗುತ್ತದೆ. ಇದೇ ಸಣ್ಣ ತಳಿಗಳಲ್ಲಿ ಶ್ವಾಸನಾಳ ಮೆತ್ತಗಾಗಿ ಬಾತುಕೋಳಿ ಕೂಗಿದಂತೆ ಕೆಮ್ಮುವುದೂ ಇದೆ. ಶಿಟ್ಸುಗಳ ಉಬ್ಬಿದ ಕಣ್ಣಿಗೆ ಬೇಗ ಹುಣ್ಣಾಗುತ್ತದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಿಮಗೂ ನೆನಪಿರಬಹುದು. ಆಮೇಲೆ ಊರೂರಿಗೂ ಪಗ್ ಬಂತು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ಏದುಸಿರಿನಿಂದ. ಮೂಗೇ ಇಲ್ಲದ ಹಾಗೆ ಬೆಳೆಸಿದ ನಾಯಿ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಹೇಗೆ ಉಸಿರಾಡಬೇಕು?

‘ಪೇಪರ್ ಇದೆ’ ಅನ್ನುತ್ತಾರಲ್ಲ, ಆ ಕೆಸಿಐ ಪೇಪರ್ ಹೇಳುವುದು ಮರಿಯ ಅಪ್ಪ ಅಮ್ಮ ಯಾರು ಅಂತ. ಮಂಡಿ, ಹೃದಯ, ಕಣ್ಣು ಸರಿಯಿದೆ ಅಂತ ಅಲ್ಲ. ಇದೂ ಜನರಿಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ‘ಬ್ರೀಡರ್‌ಗಳೆಲ್ಲ ಕಳ್ಳರು’ ಅನ್ನುವುದು ನನ್ನ ವಾದ ಅಂತ ತಿಳಿಯಬೇಡಿ. ಚೆನ್ನಾಗಿ ಮಾಡುವವರು ಇದ್ದಾರೆ. ತಾಯಿ ನಾಯಿಯನ್ನು ತೋರಿಸುತ್ತಾರೆ, ಮರಿ ಮಲಗುವ ಜಾಗ ತೋರಿಸುತ್ತಾರೆ, ಎರಡು ತಿಂಗಳ ಮುಂಚೆ ಕೊಡಲ್ಲ ಅಂತಾರೆ. ‘ನಿಮ್ಮನೇಲಿ ಹಗಲು ಯಾರಿರ್ತಾರೆ’ ಅಂತ ಅವರೇ ನಮ್ಮನ್ನು ವಿಚಾರಿಸುತ್ತಾರೆ. ಈಗಿನ ವ್ಯವಸ್ಥೆಯಲ್ಲಿ ಸೋಲುವವರು ಇವರೇ. ಶುಲ್ಕ ಕಟ್ಟಿ, ಮೂರು ವಾರ ಜಾಸ್ತಿ ಸಾಕಿ, ಲಸಿಕೆ ಹಾಕಿಸಿ ಮಾರುವವರ ಮರಿಗೆ ಬೆಲೆ ಜಾಸ್ತಿ ಆಗುತ್ತದೆ. ಏನೂ ಮಾಡದವನ ಮರಿ ಅಗ್ಗ. ಯಾರು ಯಾವ ಕಡೆಯವರು ಅಂತ ಕೊಳ್ಳುವವರಿಗೆ ತಿಳಿಯುವ ದಾರಿ ಬೇಕಲ್ಲ? ದಾವಣಗೆರೆಯಲ್ಲಿ ಕೂತು ನಾನು ಹುಡುಕಿದೆ. ಅಂಥ ಪಟ್ಟಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಎಲ್ಲೋ ಒಂದು ಕಡತದಲ್ಲಿ ಇದ್ದರೆ, ಅದು ಬೀದಿಗೆ ಬರಲಿ ಅನ್ನುವುದೇ ಈ ಪತ್ರ.

ದಂಡ ಹಾಕಿ ಸರಿಮಾಡುತ್ತೇವೆ ಅಂದರೆ ಅದು ಆಗುವ ಮಾತಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಗೆ ಹಿಂಸೆ ಕೊಟ್ಟ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ನಮ್ಮೂರಿನಲ್ಲಿ ಒಂದು ಬೆಣ್ಣೆ ದೋಸೆಗೂ ಅದು ಸಾಲದು. ಕಾಯ್ದೆ ತಿದ್ದುವುದು ದೆಹಲಿಯ ಕೆಲಸ. ಪಟ್ಟಿ ಹಾಕುವುದು ಬೆಂಗಳೂರಿನ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ‘ಉಗ್ರ’ ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು. ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಗ ಟೀವಿಯಲ್ಲಿ, ಪೇಪರಿನಲ್ಲಿ ಪಿಟ್‌ಬುಲ್ ಬಗ್ಗೆ ಎಷ್ಟು ಚರ್ಚೆ! ಮನುಷ್ಯರನ್ನು ಕಚ್ಚುವ ನಾಯಿಯ ಬಗ್ಗೆ ಸರ್ಕಾರ ತಲೆ ಕೆಡಿಸಿಕೊಳ್ಳಲಿ, ಬೇಡ ಅನ್ನಲ್ಲ. ಮಡಿಲಲ್ಲಿ ಕೂರುವ ನಾಯಿಯ ಸರದಿಯೂ ಬರಲಿ.

ನಿಮ್ಮ ಕೈಯಲ್ಲಿ ಆಗದ ಕೆಲಸ ಇದು ಅಂತ ನಾನು ಒಪ್ಪುವುದಿಲ್ಲ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಮುಧೋಳ ನಾಯಿಯನ್ನು ಸೇನೆಯವರೂ ಬಂದು ಒಯ್ದರು. ನಾಯಿ ತಳಿ ಹೇಗೆ ಉಳಿಸಬೇಕು, ದಾಖಲೆ ಹೇಗೆ ಇಡಬೇಕು ಅಂತ ಬಲ್ಲ ಜನ ರಾಜ್ಯದಲ್ಲೇ ಇದ್ದಾರೆ. ತಾಲ್ಲೂಕಿಗೆ ತಾಲ್ಲೂಕು ಪಶು ಆಸ್ಪತ್ರೆಗಳಿವೆ. ಅಲ್ಲಿಗೆ ಮೊದಲ ಲಸಿಕೆಗೆ ಬರುವ ಪ್ರತಿ ತಳಿ ಮರಿಯ ಅಂದಾಜು ವಯಸ್ಸು, ಎಲ್ಲಿಂದ ತಂದರು ಅನ್ನುವುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟರೂ ಸಾಕು. ಆರು ತಿಂಗಳಿನಲ್ಲಿ ಯಾರು ಐದು ವಾರಕ್ಕೇ ಮಾರುತ್ತಿದ್ದಾರೆ ಅಂತ ಪ್ರಾಣಿ ಕಲ್ಯಾಣ ಮಂಡಳಿಗೆ ಮನೆಬಾಗಿಲಿಗೇ ಮಾಹಿತಿ ಬರುತ್ತದೆ.

ಪಟ್ಟಿ ಬಂದ ಮೇಲೆ ಇನ್ನೊಂದು ಆದೇಶ ಮಾಡಿ. ನಾಯಿಮರಿ ಮಾರುವ ಯಾವುದೇ ಜಾಹೀರಾತಿನಲ್ಲಿ, ಅದು ವಾಟ್ಸ್ಯಾಪ್ ಸ್ಟೇಟಸ್ಸೇ ಆಗಿರಲಿ, ನೋಂದಣಿ ಸಂಖ್ಯೆ ಇರಲೇಬೇಕು. ಸಂಖ್ಯೆ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ನಾವೇ ನೋಡಿಕೊಳ್ಳುತ್ತೇವೆ, ಇಲ್ಲದವರ ಬಗ್ಗೆ ದೂರು ಕೊಡುವವರೂ ನಾವೇ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಅಂತ ಜಾರಿಯಲ್ಲಿದೆ. ಲೂಸಿ ಅನ್ನುವುದು ಮರಿ ಹಾಕಿಸುವ ಫಾರಂ ಒಂದರಿಂದ ಬಿಡಿಸಿ ತಂದ ಸಣ್ಣ ಸ್ಪ್ಯಾನಿಯಲ್ ನಾಯಿಯ ಹೆಸರು. ಅಲ್ಲಿ ಆರು ತಿಂಗಳೊಳಗಿನ ಮರಿಯನ್ನು ನಡುವಿನ ವ್ಯಾಪಾರಿಗಳು ಮಾರುವಂತಿಲ್ಲ. ಬ್ರೀಡರ್ ಆದವರು ತಾಯಿಯ ಜೊತೆಗೇ ಮರಿಯನ್ನು ತೋರಿಸಿ ಕೊಡಬೇಕು. ನಮ್ಮಲ್ಲಿ ಅಷ್ಟು ದೂರ ಈಗಲೇ ಹೋಗುವುದು ಕಷ್ಟ ಅಂತಿದ್ದರೆ, ಬಸ್ಸಿನ ಪಾರ್ಸಲ್‌ನಲ್ಲಿ ಮರಿ ಕಳಿಸುವುದನ್ನಾದರೂ ಸಾರಿಗೆ ಸಚಿವರ ಜೊತೆ ಮಾತಾಡಿ ನಿಲ್ಲಿಸಿ. ಮರಿ ಬೇಕಾದವರು ಹೋಗಿ ತರಲಿ. ಹೋದರೆ ತಾಯಿ ಹೇಗಿದೆ ಅಂತ ಕಣ್ಣಿಗೆ ಬೀಳುತ್ತದೆ. ತಂಗಿ ಹಾಗೆ ಹೋಗುತ್ತೇನೆ ಅಂದಾಗ ‘ದೂರ ಯಾಕೆ ಮೇಡಂ, ನಾನೇ ಕಳಿಸ್ತೀನಿ’ ಅಂದಿದ್ದ ಆತ.

ಇದಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂದರೆ ಇಲ್ಲೇ ಪೂರ್ತಿಯಾಗಿ ಹಾಕುತ್ತೇನೆ, ಒಪ್ಪಿಗೆಯಾಗದ ಉತ್ತರವಾದರೂ ಸರಿ. ಇಡೀ ರಾಜ್ಯದ ಪಟ್ಟಿ ತಡವಾಗುವುದಾದರೆ ಬೆಂಗಳೂರಿನದ್ದನ್ನು ಮೊದಲು ಬಿಡಿ, ನಮ್ಮ ಕಡೆಗೆ ಬರುವ ಮರಿಗಳು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಅದನ್ನು ಪ್ರಿಂಟ್ ತೆಗೆಸಿ ದಾವಣಗೆರೆಯ ಪೆಟ್ ಶಾಪ್, ಮೆಡಿಕಲ್ ಶಾಪ್, ಪಶು ಆಸ್ಪತ್ರೆಗಳಲ್ಲಿ ಅಂಟಿಸುವ ಕೆಲಸ ನಮಗೆ ಬಿಡಿ.

ಇಂತಿ,
ನಾಯಿ ಸಾಕುವ ಮನೆಯವಳು,
ದಾವಣಗೆರೆ