ನಿಮ್ಮ ಆಟದ ಕೊಡಗಿನಲ್ಲಿ ಮಳೆ ಯಾಕಿಲ್ಲ?

ಇವರಿಗೆ,
ಗ್ರಾಹಕ ಸೇವಾ ವಿಭಾಗದವರು

ವಿಷಯ: ಅಪ್‌ಡೇಟ್ ಆದ ಮೇಲೆ ಹಾಳಾದ ಸೇವ್ ಫೈಲ್, ದಕ್ಷಿಣ ಭಾರತದ ಡಿಎಲ್‌ಸಿಯಲ್ಲಿ (ಆಟಕ್ಕೆ ಬೇರೆ ದುಡ್ಡು ಕೊಟ್ಟು ಕೊಳ್ಳುವ ಹೆಚ್ಚುವರಿ ಭಾಗದಲ್ಲಿ) ಇರುವ ತಪ್ಪುಗಳು, ಮತ್ತು ನನ್ನ ದುಡ್ಡು.

ಮಾನ್ಯರೇ,

ಮೊದಲು ಸೇವ್ ಫೈಲಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ದೂರಿನ ಫಾರ್ಮಿನಲ್ಲಿ ಅದಕ್ಕೆ ಮಾತ್ರ ಜಾಗ ಇದೆ, ಬೇರೆ ಏನು ಬರೆದರೂ ‘ಇತರೆ’ಗೆ ಹೋಗುತ್ತದೆ. ಒಂದು ರಾಜ್ಯವನ್ನು ಹಿಡಿದು ಶತಮಾನಗಟ್ಟಲೆ ಆಳುವ ನಿಮ್ಮ ಕಂಪ್ಯೂಟರ್ ಆಟದಲ್ಲಿ ನಾನು ಹಾಲೇರಿ ಅರಸರ ಕೊಡಗನ್ನು ಆರಿಸಿಕೊಂಡು ಐರನ್‌ಮ್ಯಾನ್ ಮೋಡ್‌ನಲ್ಲಿ ಆಡುತ್ತಿದ್ದೆ. ಒಂದೇ ಸೇವ್, ಏನೇ ಎಡವಟ್ಟಾದರೂ ಹಿಂದಕ್ಕೆ ಹೋಗುವ ಹಾಗಿಲ್ಲ, ಅದೇ ಅದರ ಮಜಾ. ಆಟ 1788ಕ್ಕೆ ಬಂದಿತ್ತು. ಮೈಸೂರು ಎರಡು ಕಡೆಯಿಂದ ಒತ್ತುತ್ತಿತ್ತು, ಖಜಾನೆ ಖಾಲಿ, ಆದರೂ ಮಡಿಕೇರಿ ಕೈಬಿಟ್ಟಿರಲಿಲ್ಲ. ಅಷ್ಟರಲ್ಲಿ ನಿಮ್ಮ ಅಪ್‌ಡೇಟ್ ಬಂತು. ಬೇಕಾ ಬೇಡವಾ ಅಂತ ಕೇಳಲಿಲ್ಲ. ಪೂರ್ತಿ ಇಳಿಯುವವರೆಗೆ ಆಟ ತೆರೆಯುವುದಿಲ್ಲ ಅಂತ ಹಟ ಹಿಡಿಯಿತು. ಇಳಿದ ಮೇಲೆ ತೆರೆದರೆ ಸೇವ್ ಹಳೆಯ ಆವೃತ್ತಿಯದಂತೆ, ಒತ್ತಿದರೆ ಕ್ರ್ಯಾಶ್.

ನಿಮ್ಮಲ್ಲಿ ದೂರಿನ ಟಿಕೆಟ್ ಹಾಕಿದೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ ಎಂದು ಉತ್ತರ ಬಂತು. ನಾನು ಕೇಳಿದ್ದೇನು, ನೀವು ಹೇಳಿದ್ದೇನು? ಮತ್ತೆ ಬರೆದರೆ, ಮಾಡ್‌ಗಳನ್ನು (ಆಟಗಾರರು ತಾವೇ ಮಾಡಿ ಆಟಕ್ಕೆ ಸೇರಿಸುವ ಬದಲಾವಣೆಗಳನ್ನು) ತೆಗೆದು ನೋಡಿ ಅಂದರು. ಐರನ್‌ಮ್ಯಾನ್‌ನಲ್ಲಿ ಮಾಡ್ ಹಾಕಿದರೆ ಸಾಧನೆಯ ಪದಕಗಳು ಸಿಗುವುದಿಲ್ಲ ಅಂತ ನಿಯಮ ಮಾಡಿದವರು ನೀವೇ, ನಾನೇಕೆ ಹಾಕಲಿ? ನನ್ನ ಪತ್ರವನ್ನು ಯಾರೂ ಓದಿಲ್ಲ ಅಂತ ಅಲ್ಲಿಗೆ ಗೊತ್ತಾಯಿತು. ಇದನ್ನಾದರೂ ಒಬ್ಬ ಮನುಷ್ಯರು ಓದಲಿ ಅಂತ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ನಾಪೋಕ್ಲು ಕಡೆ. ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ತೋಟದಲ್ಲಿ ಕೆಲಸ ಕಮ್ಮಿ, ಹೊರಗೆ ಹೋಗುವ ಹಾಗಿಲ್ಲ, ಹಾಗಾಗಿ ನಿಮ್ಮ ಆಟ ಆಡಲು ಇದೇ ಸರಿಯಾದ ಕಾಲ. ಮರ ಬಿದ್ದು ಲೈನ್ ಕಡಿದು ಕರೆಂಟು ಹೋಗುವ ಕಾಲವೂ ಇದೇ. ನಿಮ್ಮ ಆಟ ತಿಂಗಳಿಗೊಮ್ಮೆ ತಾನಾಗಿ ಸೇವ್ ಮಾಡುವಾಗ ಹಳೆಯ ಫೈಲಿನ ಮೇಲೇ ಬರೆಯುತ್ತದೆ. ಸರಿಯಾಗಿ ಆ ಗಳಿಗೆಗೆ ಕರೆಂಟು ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಹೊಸದನ್ನು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಸರಿ ಇದೆಯಾ ಅಂತ ನೋಡಿ, ಆಮೇಲೆ ಹಳೆಯದರ ಜಾಗಕ್ಕೆ ಇಡುವುದು ಕಂಪ್ಯೂಟರ್ ಲೋಕದಲ್ಲಿ ಹೊಸ ವಿದ್ಯೆ ಏನಲ್ಲ, ಅಲ್ವಾ? ಇಡೀ ಪ್ರಪಂಚದ ಮೂರು ಶತಮಾನದ ಲೆಕ್ಕ ಇಡುವ ಆಟಕ್ಕೆ ಒಂದು ಫೈಲ್ ಜೋಪಾನ ಮಾಡಲು ಆಗುವುದಿಲ್ಲವೇ?

ಸೇವ್ ಹೋದದ್ದಕ್ಕೆ ಸಿಟ್ಟು ಬಂತು. ಡಿಎಲ್‌ಸಿ ನೋಡಿ ಬೇಜಾರಾಯಿತು, ಅದು ಇನ್ನೂ ಹೋಗಿಲ್ಲ. ಸಣ್ಣ ರಾಜ್ಯಗಳಿಗೂ ಅವುಗಳದೇ ಗುಣ ಕೊಟ್ಟಿದ್ದೇವೆ ಅಂತ ಹೇಳಿ ಮಾರಿದಿರಿ. ಅದನ್ನು ನಂಬಿಯೇ ತೆಗೆದುಕೊಂಡೆ. ಕೊಡಗಿನ ಮೇಲೆ ಮೌಸ್ ಇಟ್ಟರೆ ಏನು ಬರುತ್ತದೆ ಗೊತ್ತಾ? ಹುಲ್ಲುಗಾವಲು, ಸಾಧಾರಣ ಹವಾಮಾನ. ಮಡಿಕೇರಿಯಲ್ಲಿ ವರ್ಷಕ್ಕೆ 120 ಇಂಚಿನ ಆಚೀಚೆ ಮಳೆ ಸುರಿಯುತ್ತದೆ ಸ್ವಾಮಿ, ಭಾಗಮಂಡಲದ ಕಡೆ ಅದಕ್ಕಿಂತ ಜಾಸ್ತಿ. ನಿಮ್ಮ ಆಟದಲ್ಲಿ ಮೈಸೂರಿನ ಪಡೆ ಜುಲೈ ಕೊನೆಯಲ್ಲಿ, ಮಳೆ ಜೋರಾಗಿರುವ ನಮ್ಮ ಕಕ್ಕಡ ತಿಂಗಳಲ್ಲಿ, ಪಿರಿಯಾಪಟ್ಟಣದಿಂದ ಹೊರಟು ತೋಪು ಎಳೆದುಕೊಂಡು ಮಡಿಕೇರಿಗೆ ಹತ್ತಿ ಬರುತ್ತದೆ. ಒಬ್ಬನಿಗೂ ಜ್ವರ ಇಲ್ಲ, ಒಂದು ಚಕ್ರವೂ ಕೆಸರಲ್ಲಿ ಹೂತಿಲ್ಲ, ಜಿಗಣೆ ಅಂತೂ ಕೇಳಲೇಬೇಡಿ.

ನಿಜವಾಗಿ ಏನಾಯಿತು ನೋಡಿ. 1791ರ ಮೇ ತಿಂಗಳಲ್ಲಿ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆ ಹತ್ತಿರ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ಮಳೆ ಹಿಡಿಯಿತು, ದವಸ ಮುಗಿಯಿತು, ತೋಪು ಎಳೆಯುವ ಎತ್ತುಗಳು ಸತ್ತವು. ಕೊನೆಗೆ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ವಾಪಸ್ ಹೋದ. ಮಲಬಾರ್ ಕಡೆಯಿಂದ ನಮ್ಮ ಘಾಟಿ ಹತ್ತಿ ಬಂದಿದ್ದ ಅಬರ್‌ಕ್ರೋಂಬಿಯ ಬಾಂಬೆ ಪಡೆಯೂ ಬಂದ ದಾರಿಯಲ್ಲೇ ಇಳಿಯಿತು. ಅಷ್ಟು ದೊಡ್ಡ ಸೈನ್ಯವನ್ನು ಗೆದ್ದ ಮೇಲೂ ಹಿಂದಕ್ಕೆ ಕಳಿಸಿದ್ದು ಮಳೆ ಮತ್ತು ಹಸಿವು. ನಿಮ್ಮ ಆಟದಲ್ಲಿ ಅದಕ್ಕೆ ಬೆಲೆ ಸೊನ್ನೆ.

ಇದಕ್ಕೆ ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ರಷ್ಯಾಕ್ಕೆ ಚಳಿಗಾಲ ಇಟ್ಟಿದ್ದೀರಿ. ಡಿಸೆಂಬರ್‌ನಲ್ಲಿ ಅಲ್ಲಿಗೆ ಕಾಲಿಟ್ಟರೆ ಸೈನಿಕರು ತಿಂಗಳು ತಿಂಗಳಿಗೆ ಕರಗುತ್ತಾರೆ. ಅದೇ ಕೋಡ್ ತೆಗೆದು ಪಶ್ಚಿಮ ಘಟ್ಟಕ್ಕೆ ಹಾಕಿ, ತಿಂಗಳು ಮಾತ್ರ ಬದಲಿಸಿ. ಕುಶಾಲನಗರ ಕಡೆಗೆ ಕಮ್ಮಿ ಇಡಿ, ಅಲ್ಲಿ ಮಡಿಕೇರಿಯ ಅರ್ಧದಷ್ಟೂ ಮಳೆ ಇಲ್ಲ. ಅಷ್ಟು ಮಾಡಿದರೆ ಸಣ್ಣ ಕೊಡಗು ದೊಡ್ಡ ಮೈಸೂರಿನ ಪಕ್ಕದಲ್ಲಿ ಹೇಗೆ ಉಳಿಯಿತು ಅನ್ನುವುದು ಆಡುವವನಿಗೆ ತಾನಾಗಿ ಅರ್ಥವಾಗುತ್ತದೆ. ಈಗ ಏನಾಗಿದೆ ಅಂದರೆ, ನಿಮ್ಮ ಆಟದಲ್ಲಿ ಕೊಡಗು ಉಳಿಯಬೇಕಾದರೆ ಸಾಲ ಮಾಡಿ ಬಾಡಿಗೆ ಸೈನ್ಯ ತರಬೇಕು, ಇಲ್ಲವೇ ಶುರುವಿನಲ್ಲೇ ಎಐನ (ಎದುರಾಳಿಯಾಗಿ ಆಡುವ ಕಂಪ್ಯೂಟರಿನ) ಯಾವುದೋ ಬುದ್ಧಿಗೇಡಿತನವನ್ನು ಉಪಯೋಗಿಸಿಕೊಳ್ಳಬೇಕು. ಅದು ತಂತ್ರಗಾರಿಕೆ ಅಲ್ಲ.

ಕಡಂಗಗಳೂ ಇಲ್ಲ. ಬೆಟ್ಟ, ಗದ್ದೆ, ಕಾಡು ದಾಟಿ ಮೈಲಿಗಟ್ಟಲೆ ತೋಡಿದ ಆಳವಾದ ಕಂದಕಗಳು ಅವು, ಈಗಲೂ ಎಷ್ಟೋ ತೋಟಗಳ ನಡುವೆ ಕಾಣುತ್ತವೆ. ಅದೇ ಹೆಸರಿನ ಊರೇ ಇದೆ ವಿರಾಜಪೇಟೆ ಕಡೆ. ನೀವು ಕೊಟ್ಟಿರುವುದು ಮಡಿಕೇರಿಯಲ್ಲಿ ಒಂದೇ ಒಂದು ಕೋಟೆ. ಅದು ಬಿದ್ದರೆ ನಾಡೇ ಹೋಯಿತು. ಅದೂ ಬೀಳುವುದು ದಾಳದ ಮೇಲೆ. ದಾಳ ಚೆನ್ನಾಗಿ ಬಿದ್ದರೆ ತಿಂಗಳಲ್ಲಿ ಕೋಟೆ ಖಾಲಿ, ಇಲ್ಲದಿದ್ದರೆ ಒಳಗಿನವರು ವರ್ಷಗಟ್ಟಲೆ ಅನ್ನವಿಲ್ಲದೆ ಬದುಕುತ್ತಾರೆ.

ಸೈನ್ಯದ ಲೆಕ್ಕವೂ ಹಾಗೇ. ಕಂದಾಯ ಕಮ್ಮಿ ಅಂತ ಮ್ಯಾನ್‌ಪವರ್, ಅಂದರೆ ಸೈನ್ಯಕ್ಕೆ ಸಿಗುವ ಜನ, ಕಮ್ಮಿ ಇಟ್ಟಿದ್ದೀರಿ. ಇಲ್ಲಿ ನಡೆಯುತ್ತಿದ್ದದ್ದೇ ಬೇರೆ. ಜಮ್ಮಾ ಭೂಮಿ ಅಂದರೆ ಕಂದಾಯ ಕಮ್ಮಿ, ಅದಕ್ಕೆ ಬದಲಾಗಿ ಅರಸನ ಕರೆ ಬಂದಾಗ ಆಯುಧ ಹಿಡಿದು ಬರಬೇಕು. ಬೊಕ್ಕಸಕ್ಕೆ ದುಡ್ಡು ಕಮ್ಮಿ ಬಂದದ್ದೇ ಜನ ಜಾಸ್ತಿ ಬರಲು ಕಾರಣ. ನೀವು ಅದನ್ನು ತಲೆಕೆಳಗು ಮಾಡಿದ್ದೀರಿ. ಆ ಜನರು ಬೇಸಾಯಗಾರರು ಕೂಡ, ನಾಟಿ ಸಮಯದಲ್ಲಿ ಗದ್ದೆಯಲ್ಲಿರುತ್ತಾರೆ, ನಾಟಿ ಮುಗಿಸಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ. ಇದನ್ನೆಲ್ಲ ಆಟದಲ್ಲಿ ತಂದಿದ್ದರೆ ಯಾವಾಗ ಯುದ್ಧ ಸಾರಬೇಕು ಅಂತ ಯೋಚಿಸುವುದೇ ಒಂದು ಖುಷಿ ಆಗುತ್ತಿತ್ತು.

ಇನ್ನು ಕಾಫಿ. 1700ರಲ್ಲೇ ಕೊಡಗಿನ ಮುಖ್ಯ ಉತ್ಪನ್ನ ಕಾಫಿ ಅಂತ ತೋರಿಸಿದ್ದೀರಿ. ಬೆಳೆಗಾರನಾಗಿ ನನಗೆ ಹೆಮ್ಮೆ ಆಗಬೇಕಿತ್ತೋ ಏನೋ. ಇಲ್ಲಿ ದೊಡ್ಡ ಕಾಫಿ ತೋಟಗಳು ಎದ್ದದ್ದು ಬ್ರಿಟಿಷರು 1834ರಲ್ಲಿ ನಾಡನ್ನು ತೆಗೆದುಕೊಂಡ ಮೇಲೆ, 1854ರಿಂದ ಈಚೆಗೆ. ಅರಸರ ಕಾಲದಲ್ಲಿ ದುಡ್ಡು ತಂದದ್ದು ಏಲಕ್ಕಿ. ಬದಲಿಸಲು ಒಂದು ಸಾಲು ಸಾಕು.

ಪಟ್ಟದ ವಿಷಯದಲ್ಲಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ದೊಡ್ಡ ವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ, 1809ರಲ್ಲಿ ಅವನು ತೀರಿಕೊಂಡ ಮೇಲೆ ಮಗಳು ದೇವಮ್ಮಾಜಿಗೆ ಪಟ್ಟವಾಯಿತು, ಆಮೇಲೆ ವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರ ಗದ್ದುಗೆ ಹಿಡಿದ. ಒಂದು ಒಳ್ಳೆಯ ಈವೆಂಟ್‌ಗೆ (ಆಟದ ನಡುವೆ ಬರುವ ಕಥೆಯ ತಿರುವಿಗೆ) ಬೇಕಾದ ಎಲ್ಲವೂ ಇದರಲ್ಲಿದೆ. ನಿಮ್ಮ ಆಟ ಏನು ಮಾಡಿತು? ವಾರಸುದಾರರಿಲ್ಲ ಅಂತ ಹೇಳಿ ಎಲ್ಲಿಂದಲೋ ಒಬ್ಬ ಪರ್ಷಿಯನ್ ಹೆಸರಿನವನನ್ನು ತಂದು ಮಡಿಕೇರಿಯಲ್ಲಿ ಕೂರಿಸಿತು. ಜನರ ಸಂತೋಷ ಮಾತ್ರ ಹತ್ತು ಪಾಯಿಂಟ್ ಏರಿತು, ಯಾಕೋ ಗೊತ್ತಿಲ್ಲ.

ಒಂದು ವಿಷಯದಲ್ಲಿ ನಿಮ್ಮನ್ನು ಮೆಚ್ಚಬೇಕು. ಕಂಪನಿ ಸರ್ಕಾರದ ಜೊತೆ ಮೈತ್ರಿ ಮಾಡಿಕೊಂಡು ಮೈಸೂರಿನ ಮೇಲೆ ಯುದ್ಧಕ್ಕೆ ಹೋದರೆ, ಅವರ ಪಡೆ ಅರ್ಧ ಕಾಲ ತೀರದಲ್ಲಿ ಸುಮ್ನೆ ಹಡಗಿನಲ್ಲಿ ಕೂತಿರುತ್ತದೆ, ಕೊನೆಗೆ ಸಂಧಿಗೆ ಸಹಿ ಹಾಕಿ ಬೇಕಾದ್ದನ್ನೆಲ್ಲ ತಾವೇ ತೆಗೆದುಕೊಂಡು ನಮಗೆ ಬೆನ್ನು ತಟ್ಟುತ್ತಾರೆ. ಎಲ್ಲ ಆಟಗಾರರೂ ಇದನ್ನು ಬಗ್, ಅಂದರೆ ಕೋಡಿನ ತಪ್ಪು, ಅನ್ನುತ್ತಾರೆ. ಹಡಗಿನಲ್ಲಿ ಕೂರುವುದು ಬಗ್ ಇರಬಹುದು. ಆದರೆ ಉಳಿದದ್ದು ನಿಜವಾಗಿ ನಡೆದ ಹಾಗೇ ಇದೆ: ಕೊಡಗು 1790ರಲ್ಲಿ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು, 1792ರ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಕೊಡಗು ಕಂಪನಿಯ ನೆರಳಿಗೆ ಬಂತು, 1834ರಲ್ಲಿ ಅದೇ ಮಿತ್ರ ಬಂದು ಅರಸನನ್ನು ಇಳಿಸಿದ. ಈ ಭಾಗ ದಯವಿಟ್ಟು ಸರಿ ಮಾಡಲು ಹೋಗಬೇಡಿ.

ಈಗ ನನಗೆ ಬೇಕಾದ್ದು. ಅಪ್‌ಡೇಟ್‌ಗೆ ಮುಂಚಿನ ಆವೃತ್ತಿಯನ್ನು ಮತ್ತೆ ಇಳಿಸಿಕೊಳ್ಳಲು ಅವಕಾಶ ಕೊಡಿ, ಆ ಸೇವ್ ಅದರಲ್ಲಿ ತೆರೆಯುತ್ತದೆ ಅಂತ ನನಗೆ ನಂಬಿಕೆ ಇದೆ. ಸೇವ್‌ಗೆ ಒಂದು ಬ್ಯಾಕಪ್ ಪ್ರತಿ ಇಡಿ. ಡಿಎಲ್‌ಸಿಯಲ್ಲಿ ಮಳೆಗಾಲ ತನ್ನಿ, ಅದು ಯಾವ ಅಪ್‌ಡೇಟ್‌ನಲ್ಲಿ ಬರುತ್ತದೆ ಅಂತ ಬರವಣಿಗೆಯಲ್ಲಿ ತಿಳಿಸಿ. ತರುವುದಿಲ್ಲ ಅಂದರೆ ಡಿಎಲ್‌ಸಿಯ ಪೂರ್ತಿ ದುಡ್ಡು ವಾಪಸ್ ಮಾಡಿ. ಎರಡು ಗಂಟೆಗಿಂತ ಜಾಸ್ತಿ ಆಡಿದ್ದೀರಿ, ರೀಫಂಡ್ ಇಲ್ಲ ಅಂತ ಹೇಳಬೇಡಿ. ನಿಮ್ಮ ಆಟದಲ್ಲಿ ಎರಡು ಗಂಟೆಗೆ ಮೆನುಗಳೇ ಅರ್ಥವಾಗುವುದಿಲ್ಲ, ತಪ್ಪು ಕಂಡುಹಿಡಿಯುವುದು ದೂರದ ಮಾತು. ದುಡ್ಡು ಕೊಟ್ಟ ಬ್ಯಾಂಕ್ ಖಾತೆಗೇ ಬರಲಿ, ನಿಮ್ಮ ಅಂಗಡಿಯ ಕೂಪನ್ ಬೇಡ. ಸೇವ್ ಫೈಲ್ ಮತ್ತು ಕ್ರ್ಯಾಶ್ ಲಾಗ್ ಎರಡನ್ನೂ ಇದರ ಜೊತೆ ಕಳಿಸಿದ್ದೇನೆ. ಡ್ರೈವರ್ ಅಪ್‌ಡೇಟ್ ಆಗಿದೆ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ಗ್ರಾಹಕ