ಈ ವಾರದ ಚರ್ಚೆ: ಪೂರ್ವಗ್ರಹ ಮತ್ತು ಶಾಲೆ

ಎಲ್ಲರಿಗೂ ನಮಸ್ಕಾರ. ಓದು ಬರಹ ಇಲ್ಲದವರಲ್ಲೇ ಪೂರ್ವಗ್ರಹ ಜಾಸ್ತಿ ಅಂತ ಸುಮ್ನೆ ಹೇಳಿಬಿಡುತ್ತೇವೆ, ಅಲ್ವಾ? ನಾನು ಒಪ್ಪುವುದಿಲ್ಲ.

ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ನಿಮಗೆ ಯಾವ ಕಲಾವಿದನ ಚಿತ್ರ ಇಷ್ಟವೋ ಅದರ ಮೇಲೆ ಈ ಗುಂಪು ಅಂದರು. ನಿಜಕ್ಕೂ ಸುಮ್ಮನೆ ಹಂಚಿದ್ದರು. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚುವಾಗ ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಹಳೆಯ ಜಗಳ ಇರಲಿಲ್ಲ, ದ್ವೇಷ ಇರಲಿಲ್ಲ. 'ನಮ್ಮವರು' ಅನ್ನುವ ಹಣೆಪಟ್ಟಿ ಸಾಕಾಯಿತು! ಮನೆಯಲ್ಲಿ ಕೇಳಿದ ಮಾತು, ಭಯ ಇವೆಲ್ಲ ಅದರ ಮೇಲೆ ಬಂದು ಕೂರುತ್ತವೆ.

'ಎಲ್ಲರೂ ಒಂದೇ' ಅಂತ ಬಾಯಿಪಾಠ ಮಾಡಿಸಿದರೆ ಇದು ಹೋಗುವುದಿಲ್ಲ. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದಾಗ ಹೊಡೆದಾಟ ಶುರುವಾಯಿತು. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡಿಸಿದರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿ ಆಗುವಂತಿರಲಿಲ್ಲ. ಕೆಲವೇ ವಾರಗಳಲ್ಲಿ ಮಕ್ಕಳು ಹತ್ತಿರವಾದರು.

ನಿಮ್ಮ ತರಗತಿಯಲ್ಲಿ ಯಾರ ಪಕ್ಕ ಯಾರು ಕೂರುತ್ತಿದ್ದರು? ಭಾನುವಾರದೊಳಗೆ ಇಲ್ಲಿ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಬೇಡ, ಸ್ವಂತ ಅನುಭವ ಸಾಕು.